ಗೋಡೆ ಯಾರಪ್ಪಂದು?

ಹಾಸನದ ಎನ್.ಆರ್. ವೃತ್ತದಲ್ಲಿ ನಿಂತು ತಲೆಯೆತ್ತಿ ನೋಡಿ. ಮೋಡ ಕಾಣೋದಿಲ್ಲ, ಮುಖ ಕಾಣ್ತವೆ. ಬಿಳಿ ಅಂಗಿ, ಹಣೆಗೆ ಕುಂಕುಮ, ಜೋಡಿಸಿದ ಕೈ, ಕಿವಿ ಮುಟ್ಟುವ ನಗು. 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು' ಅಂತ ಬರೆದಿರುತ್ತೆ. ಒಬ್ಬ ಮನುಷ್ಯ ಹುಟ್ಟಿದ್ದಕ್ಕೆ ಇಪ್ಪತ್ತಡಿ ಪ್ಲಾಸ್ಟಿಕ್ಕು! ಅವನ ಕಾಲ ಬುಡದಲ್ಲಿ ಗೋಲಿ ಗಾತ್ರದ ಮೂವತ್ತು ನಲವತ್ತು ಮುಖ. ಅವರೆಲ್ಲ 'ಶುಭ ಕೋರುವವರು'. ಅಲ್ಲಿಂದ ಬಿ.ಎಂ. ರಸ್ತೆ ಹಿಡಿದು ಚನ್ನರಾಯಪಟ್ಟಣದ ಕಡೆ ಹೊರಡಿ. ಮುಖ ಕಮ್ಮಿಯಾಗಿ ಸೈಟು ಶುರುವಾಗ್ತವೆ. ರಾಗಿ ಹೊಲದಲ್ಲಿ ಎರಡು ಕಬ್ಬಿಣದ ಕಂಬ, ಮೇಲೊಂದು ಬೋರ್ಡು. ಸುವರ್ಣಾವಕಾಶ, ವಾಸ್ತು ಪ್ರಕಾರ, ಮೂವತ್ತು ನಲವತ್ತು, ಬ್ಯಾಂಕ್ ಸಾಲ ಉಂಟು. ಹೊಳೆನರಸೀಪುರದ ದಾರಿಯಲ್ಲೂ ಇದೇ, ಅರಕಲಗೂಡಿನ ದಾರಿಯಲ್ಲೂ ಇದೇ. ನಾಲ್ಕು ಊರು ಸುತ್ತಿ ಬಂದರೆ ಎರಡೇ ವಿಷಯ ಓದಿರ್ತೀವಿ: ನಮ್ಮನ್ನು ಆಳೋರು ಯಾರು, ನೆಲ ಮಾರೋರು ಯಾರು. ಎಷ್ಟೋ ಕಡೆ ಅವರಿಬ್ಬರೂ ಒಂದೇ ಬೋರ್ಡಿನಲ್ಲಿ ಕೈ ಜೋಡಿಸಿ ನಗ್ತಾ ಇರ್ತಾರೆ.

ಇದಕ್ಕೆಲ್ಲ ಕಾನೂನು ಇಲ್ವಾ ಅಂತ ಹಾಸ್ಟೆಲ್ಲಿನ ಪಿಯುಸಿ ಹುಡುಗನೊಬ್ಬ ಕೇಳಿದ. ಐತೆ. ಬೇಕಾದಷ್ಟು ಐತೆ. ಅದು ಯಾರ ಮೇಲೆ ಬೀಳುತ್ತೆ ಅನ್ನೋದೇ ಈ ಲೇಖನದ ವಿಷಯ.

ಏಪ್ರಿಲ್ 14ರ ಹಿಂದಿನ ದಿನ ಈ ನಾಲ್ಕರಲ್ಲಿ ಒಂದೂರಿನ ಸರ್ಕಲ್ಲಿನಲ್ಲಿ ಬಾಬಾಸಾಹೇಬರ ಬಟ್ಟೆ ಬ್ಯಾನರ್ ಕಟ್ಟೋಕೆ ಹೋದೆವು. ಅದರ ಉದ್ದ ಆರಡಿ, ಅಗಲ ಮೂರಡಿ. ಬಣ್ಣ ತಂದದ್ದು ನಾವು, ಬರೆದದ್ದು ನಮ್ಮ ಹುಡುಗಿಯರು. ಹಗ್ಗ ಬಿಗಿಯೋ ಹೊತ್ತಿಗೆ ಕಚೇರಿಯವರೊಬ್ಬರು ಗಾಡಿ ನಿಲ್ಲಿಸಿದರು. "ಏನ್ರೋ, ಪರ್ಮಿಷನ್ ತಗಂಡಿದೀರಾ?" ಇಲ್ಲ ಸಾರ್. "ಬಿಚ್ರಿ ಹಂಗಾದ್ರೆ. ಕಾನೂನು ಗೊತ್ತಾಗಲ್ವಾ ಓದಿರೋರಿಗೆ?" ನಮ್ಮ ಬ್ಯಾನರಿನ ಮೇಲೆ ಒಂದಲ್ಲ ಮೂರು ಫ್ಲೆಕ್ಸು ನೇತಾಡ್ತಿದ್ದವು. ಒಂದರಲ್ಲಿ ಲೇಔಟಿನ ಧಣಿ, ಎರಡರಲ್ಲಿ ಪಕ್ಷದ ಧಣಿ. ಅವಕ್ಕೆ ಪರ್ಮಿಷನ್ ಐತಾ ಸಾರ್ ಅಂದೆವು. ಆ ಮನುಷ್ಯ ಮೇಲೆ ನೋಡಲೇ ಇಲ್ಲ. ಗೆಳೆಯರೆ, ಮೇಲೆ ನೋಡದೇ ಇರೋದು ಅಲ್ಲಿ ನೌಕರಿಯ ಮೊದಲ ಅರ್ಹತೆ.

ಅವರು ಹೇಳಿದ ಕಾನೂನನ್ನು ನಾವು ಹುಡುಕಿ ಓದಿದೆವು. ನೀವೂ ತಿಳಿದಿರಿ. 1981ರಲ್ಲಿ ಕರ್ನಾಟಕದಲ್ಲಿ ತೆರೆದ ಸ್ಥಳಗಳ ವಿರೂಪ ತಡೆಯುವ ಕಾಯ್ದೆ ಬಂತು. ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿಗೆ. ಮಿಕ್ಕ ಊರುಗಳಿಗೆ ಅಧಿಸೂಚನೆ ಹೊರಡಿಸಿ ಹಬ್ಬಿಸಬಹುದು ಅಂತ. ಅದರಲ್ಲಿ ಜಾಹೀರಾತು ಅಂದರೆ ಮಾತು, ಗುರುತು, ಚಿತ್ರ ಇರುವ ಯಾವುದೇ ಕಾಗದ, ಯಾವುದೇ ವಸ್ತು. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ ಅಂದರೆ ಖಾಸಗಿ ಗೋಡೆಯೂ ಬಂತು, ಕಂಬವೂ ಬಂತು, ಬೇಲಿಯೂ ಬಂತು, ಮರವೂ ಬಂತು. ಸ್ಥಳೀಯ ಆಡಳಿತದ ಲಿಖಿತ ಅನುಮತಿ ಇಲ್ಲದೆ ಅಲ್ಲಿ ಅಂಟಿಸಿದರೆ, ಬರೆದರೆ, ನಿಲ್ಲಿಸಿದರೆ ಆರು ತಿಂಗಳ ತನಕ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ! ಲೇಔಟಿನ ಧಣಿಗೆ ಅದು ಒಂದು ಸಂಜೆಯ ಬಾಡೂಟದ ಮೂಲೆಗೂ ಸಾಲದ ದುಡ್ಡು. ಹಾಸ್ಟೆಲ್ಲಿನ ಹುಡುಗನಿಗೆ ಅವನಪ್ಪನ ಎರಡು ಮೂರು ದಿನದ ಕೂಲಿ. ದಂಡದ ಮೊತ್ತ ಇಬ್ಬರಿಗೂ ಒಂದೇ, ಅದನ್ನೇ ಇವರು ಸಮಾನತೆ ಅಂತಾರೆ.

ಇದಾದ ಮೇಲೆ ಪ್ಲಾಸ್ಟಿಕ್ಕಿನ ಕಾನೂನು. 2016ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್, ಬಾವುಟಗಳನ್ನೂ ನಿಷೇಧಿಸಿತು. ಕೇಂದ್ರ ಸರ್ಕಾರದ ನಿಯಮದಲ್ಲಿ 2022ರ ಜುಲೈ 1ರಿಂದ ನೂರು ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರ್ ದೇಶದಲ್ಲೆಲ್ಲ ನಿಷಿದ್ಧ. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಯ ಕೈಯಿಂದ ಕವರ್ ಕಿತ್ತುಕೊಂಡು ದಂಡ ಹಾಕುವ ಫೋಟೋ ಪತ್ರಿಕೆಯಲ್ಲಿ ನೋಡಿದೀರಿ. ಅದೇ ಆದೇಶದ ಅದೇ ಸಾಲಿನಲ್ಲಿ ಫ್ಲೆಕ್ಸೂ ಇದೆ. ಆ ಮುದುಕಿಯ ಕವರಿನಲ್ಲಿ ಅರ್ಧ ಕೇಜಿ ಸೊಪ್ಪು ಹಿಡಿಯುತ್ತೆ. ಈ ಫ್ಲೆಕ್ಸಿನಲ್ಲಿ ಒಂದು ಸಂಸಾರ ಮಳೆಗೆ ಗುಡಿಸಲು ಹೊದಿಸಿಕೊಳ್ಳಬಹುದು. ಹೊದಿಸಿಕೊಂಡೂ ಇದಾರೆ. ನಮ್ಮ ಕೇರಿಗಳಲ್ಲಿ ಸೋರುವ ಸೂರಿನ ಮೇಲೆ ನಾಯಕರ ಮುಖ ಬೋರಲು ಬಿದ್ದಿರೋದು ನೀವು ನೋಡಿಲ್ವಾ? ಇಡೀ ಐದು ವರ್ಷದಲ್ಲಿ ಅವರಿಂದ ನಮಗಾದ ಒಂದೇ ಉಪಕಾರ ಅದು.

2018ರ ಆಗಸ್ಟಿನಲ್ಲಿ ಹೈಕೋರ್ಟು ಬೆಂಗಳೂರಿನ ಪಾಲಿಕೆಯನ್ನು ತರಾಟೆಗೆ ತಗೊಂಡು ಊರ ತುಂಬ ಇದ್ದ ಅಕ್ರಮ ಫ್ಲೆಕ್ಸುಗಳನ್ನು ಇಳಿಸಿ ಅಂದಾಗ ಒಂದೆರಡು ದಿನದಲ್ಲಿ ಸಾವಿರಗಟ್ಟಲೆ ಇಳಿದವು. ವರ್ಷಗಟ್ಟಲೆ ಆಗದ್ದು ಎರಡು ದಿನದಲ್ಲಿ ಆಯ್ತು. ಅಂದರೆ ಏಣಿ ಇತ್ತು, ಕತ್ತರಿ ಇತ್ತು, ಆಳು ಇದ್ದರು, ಕಾನೂನೂ ಇತ್ತು. ಮನಸ್ಸಿರಲಿಲ್ಲ, ಅಷ್ಟೆ. ಇನ್ನು ಹಾಸನ ಜಿಲ್ಲೆಗೆ ಹೈಕೋರ್ಟಿನ ಕಣ್ಣು ಬೀಳೋ ತನಕ ನಾವು ಕಾಯಬೇಕೋ?

ಚುನಾವಣೆ ಬಂದಾಗ ಮಾತ್ರ ಒಂದು ಚಮತ್ಕಾರ ನಡೆಯುತ್ತೆ. ದಿನಾಂಕ ಘೋಷಣೆಯಾದ 24 ಗಂಟೆಯೊಳಗೆ ಸರ್ಕಾರಿ ಕಟ್ಟಡಗಳ ಮೇಲಿನ, 48 ಗಂಟೆಯೊಳಗೆ ಸಾರ್ವಜನಿಕ ಜಾಗದ, 72 ಗಂಟೆಯೊಳಗೆ ಖಾಸಗಿ ಜಾಗದ ಅಕ್ರಮ ಬರಹ, ಪೋಸ್ಟರ್, ಬ್ಯಾನರ್ ತೆಗೀಬೇಕು ಅಂತ ಚುನಾವಣಾ ಆಯೋಗದ ಸೂಚನೆ. 2023ರ ಮಾರ್ಚ್ 29ರಂದು ವಿಧಾನಸಭೆಗೆ, 2024ರ ಮಾರ್ಚ್ 16ರಂದು ಲೋಕಸಭೆಗೆ ಘೋಷಣೆಯಾದಾಗ ನಮ್ಮ ಊರುಗಳಲ್ಲೂ ಏಣಿ ಹೊರಬಂದವು. ಶಂಕುಸ್ಥಾಪನೆ ಕಲ್ಲಿನ ಮೇಲಿನ ಹೆಸರಿಗೆ ಕಾಗದ ಅಂಟಿತು. ಮತ ಎಣಿಕೆ ಮುಗಿದ ವಾರಕ್ಕೆ ಅದೇ ಕಂಬಗಳಲ್ಲಿ ಅಭಿನಂದನೆ ಫ್ಲೆಕ್ಸು. ಆಯೋಗದ ನೀತಿಸಂಹಿತೆ ಘೋಷಣೆಯಿಂದ ಫಲಿತಾಂಶದ ತನಕ ಮಾತ್ರ ಬದುಕಿರುತ್ತೆ. ಮಿಕ್ಕ ದಿನ ಹುಟ್ಟುಹಬ್ಬ ಇರ್ತಾವೆ.

ಈ ಹುಟ್ಟುಹಬ್ಬದ ಮರ್ಮ ತಿಳೀರಿ. 2022ರಿಂದ ವಿಧಾನಸಭೆ ಅಭ್ಯರ್ಥಿ 40 ಲಕ್ಷ, ಲೋಕಸಭೆ ಅಭ್ಯರ್ಥಿ 95 ಲಕ್ಷ ಖರ್ಚು ಮಾಡಬಹುದು ಅಂತ ಕರ್ನಾಟಕದಲ್ಲಿ ಮಿತಿ. ಆದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಲೆಕ್ಕ ಶುರುವಾಗೋದು ನಾಮಪತ್ರದ ದಿನದಿಂದ, ಮುಗಿಯೋದು ಫಲಿತಾಂಶದ ದಿನಕ್ಕೆ. ಅದಕ್ಕೂ ಮುಂಚೆ ಐದು ವರ್ಷ ಊರ ಕಂಬಕ್ಕೆಲ್ಲ ಮುಖ ಕಟ್ಟಿದ್ದು ಯಾವ ಲೆಕ್ಕಕ್ಕೂ ಬರಲ್ಲ. ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು, ಹಾಸನಾಂಬೆ ಬಾಗಿಲು ತೆಗೆದದ್ದಕ್ಕೊಂದು. ಹೊಳೆನರಸೀಪುರದಲ್ಲಿ 1962ರಿಂದ ಒಂದೇ ಮನೆಯ ಹೆಸರು ಕೇಳ್ತಾ ಬಂದಿದೀವಿ; ಅಪ್ಪ ಪ್ರಧಾನಿಯೂ ಆದರು, ಮಗ ಮಂತ್ರಿಯಾದರು, ಮೊಮ್ಮಗ 2019ರಲ್ಲಿ ಎಂಪಿಯಾದರು. ಬೇರೆ ಪಕ್ಷದವರೂ ಏನು ಕಮ್ಮಿಯಿಲ್ಲ, ಬಣ್ಣ ಬೇರೆ, ಕಂಬ ಅದೇ. ನಮ್ಮ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಗಿರೋದು ಸಕಲೇಶಪುರ ಒಂದೇ. ಮಿಕ್ಕ ಆರರಲ್ಲಿ ನಮ್ಮ ಹುಡುಗನ ಮುಖ ಫ್ಲೆಕ್ಸಿನ ಕೆಳಸಾಲಿನಿಂದ ಮೇಲಕ್ಕೆ ಹತ್ತಿದ್ದನ್ನು ತೋರಿಸಿ ನೋಡೋಣ.

ಗೋಡೆಯ ಮಾತಿಗೆ ಬರೋಣ. ಫ್ಲೆಕ್ಸಿಗಿಂತ ನಮಗೆ ಹತ್ತಿರದ ಸಂಗತಿ ಅದು.

ಕೇರಿಯ ಮನೆಗಳಿಗೆ ಗೋಡೆ ಇದ್ದದ್ದು ಯಾವಾಗಿಂದ? ಜನತಾ ಮನೆ ಬಂತು, ಆಶ್ರಯ ಮನೆ ಬಂತು, ಸಿಮೆಂಟು ಇಟ್ಟಿಗೆಯ ನಾಲ್ಕು ಗೋಡೆ ಎದ್ದವು. ಅವ್ವ ಕೂಲಿ ದುಡ್ಡಲ್ಲಿ ಸುಣ್ಣ ತಂದು ಬಳಿದಳು. ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಮೇಲೆ ಒಂದು ಪಕ್ಷದ ಗುರುತು. ಕೇಳಿದವರಿಲ್ಲ, ಹೇಳಿದವರಿಲ್ಲ. ಮುಂದಿನ ಚುನಾವಣೆಗೆ ಅದರ ಮೇಲೆ ಇನ್ನೊಂದು ಗುರುತು. ಇದೇ ಪೇಂಟರ್‌ಗಳು ಊರಿನ ಗೌಡರ ಮನೆ ಮುಂದೆ ಹೋದಾಗ ಚಪ್ಪಲಿ ಬಿಟ್ಟು ನಿಂತು, 'ಬುದ್ಧಿ, ಬರೀಬಹುದಾ' ಅಂತ ಕೇಳ್ತಾರೆ. ನಮ್ಮ ಗೋಡೆಯನ್ನು ಕೇಳೋದಿಲ್ಲ. ಯಾಕೆ ಕೇಳಲ್ಲ ಅಂದರೆ ಅವರ ಮನಸ್ಸಿನಲ್ಲಿ ಅದು ನಮ್ಮ ಗೋಡೆ ಅಲ್ಲ. ಸರ್ಕಾರ ಕೊಟ್ಟದ್ದು, ಅಂದರೆ ಅವರು ಕೊಟ್ಟದ್ದು! ಅವ್ವನ ಬೆವರು, ಅವ್ವನ ಸುಣ್ಣ, ಅವ್ವನ ಹೆಸರಿನ ಹಕ್ಕುಪತ್ರ ಯಾವುದೂ ಲೆಕ್ಕಕ್ಕಿಲ್ಲ.

ನೀತಿಸಂಹಿತೆ ಓದಿ. ಯಾವುದೇ ಪಕ್ಷ, ಯಾವುದೇ ಅಭ್ಯರ್ಥಿ ಒಬ್ಬ ವ್ಯಕ್ತಿಯ ಜಮೀನು, ಕಟ್ಟಡ, ಕಾಂಪೌಂಡ್ ಗೋಡೆಯ ಮೇಲೆ ಅವರ ಅನುಮತಿಯಿಲ್ಲದೆ ಬಾವುಟ ಕಟ್ಟೋದು, ಬ್ಯಾನರ್ ತೂಗುಹಾಕೋದು, ನೋಟೀಸು ಅಂಟಿಸೋದು, ಘೋಷಣೆ ಬರೆಯೋದು ಮಾಡಬಾರದು ಅಂತ ಬಿಡಿಸಿ ಬರೆದಿದೆ. ಅದರಲ್ಲಿ 'ಕೇರಿಯ ಗೋಡೆ ಹೊರತುಪಡಿಸಿ' ಅಂತ ಎಲ್ಲೂ ಇಲ್ಲ. ಅವ್ವನ ಮುಂದೆ ನಿಂತು ಅವರು ಕೇಳಬೇಕು, ಅವ್ವ ಒಲ್ಲೆ ಅಂದರೆ ಬಂದ ದಾರಿಗೆ ಸುಂಕವಿಲ್ಲ ಅಂತ ಹೋಗಬೇಕು. 2024ರ ಚುನಾವಣೆಯಲ್ಲಿ ಆಯೋಗದ ಸಿ-ವಿಜಿಲ್ ಅನ್ನೋ ಆ್ಯಪ್ ಇತ್ತು. ಫೋಟೋ ತೆಗೆದು ಕಳಿಸಿದರೆ ನೂರು ನಿಮಿಷದೊಳಗೆ ಕ್ರಮ ಅನ್ನೋದು ಅದರ ಮಾತು. ನಮ್ಮೆಲ್ಲರ ಕೈಯಲ್ಲೂ ಫೋನಿದೆ. ರೀಲ್ಸ್ ನೋಡೋಕೆ ಸಾಕಾಗುವಷ್ಟು ಡೇಟಾನೂ ಇದೆ. ಇನ್ನೊಂದು ಗುರುತಿಟ್ಟುಕೊಳ್ಳಿ: ಚುನಾವಣೆಯ ಕರಪತ್ರ, ಪೋಸ್ಟರಿನ ಮೇಲೆ ಮುದ್ರಿಸಿದವರ, ಪ್ರಕಟಿಸಿದವರ ಹೆಸರು ವಿಳಾಸ ಇರಲೇಬೇಕು. 1951ರ ಕಾಯ್ದೆಯ 127ಎ ಕಲಮು. ಇಲ್ಲದಿದ್ದರೆ ಆರು ತಿಂಗಳ ತನಕ ಜೈಲು, ಎರಡು ಸಾವಿರದ ತನಕ ದಂಡ. ಜಾತಿ ಹೆಸರು ಹಿಡಿದು ವಿಷ ಕಕ್ಕುವ ಕರಪತ್ರ ಮತದಾನದ ಹಿಂದಿನ ರಾತ್ರಿ ಬಾಗಿಲ ಸಂದಿಯಲ್ಲಿ ಬಿದ್ದರೆ ಮೊದಲು ಅದರ ತಳ ನೋಡಿ.

ಆ ಫ್ಲೆಕ್ಸ್ ಕಟ್ಟೋರು ಯಾರು? ಗೋಲಿ ಮುಖದವರಲ್ಲ. ರಾತ್ರಿ ಹನ್ನೆರಡಕ್ಕೆ ಇನ್ನೂರು ಮುನ್ನೂರು ರೂಪಾಯಿಗೆ ಕಂಬ ಹತ್ತುವ ಹುಡುಗರು. ಗದಗ ಜಿಲ್ಲೆಯ ಸೂರಣಗಿಯಲ್ಲಿ 2024ರ ಜನವರಿ 7ರ ರಾತ್ರಿ ಸಿನಿಮಾ ನಟನ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಸತ್ತರು. ಇಪ್ಪತ್ತರ ಆಸುಪಾಸಿನವರು, ನಮ್ಮ ನಿಮ್ಮ ವಯಸ್ಸು. ಚೆನ್ನೈಯಲ್ಲಿ 2019ರ ಸೆಪ್ಟೆಂಬರ್ 12ರಂದು ಪಕ್ಷದವರೊಬ್ಬರ ಮನೆ ಮದುವೆ ಬ್ಯಾನರು ಸ್ಕೂಟರ್ ಮೇಲೆ ಬಿದ್ದು, ಹಿಂದೆ ಬಂದ ನೀರಿನ ಟ್ಯಾಂಕರಿಗೆ ಸಿಕ್ಕಿ 23ರ ಹೆಣ್ಣುಮಗಳು ಹೋದಳು. ಮುಂಬೈನ ಘಾಟ್ಕೋಪರ್‌ನಲ್ಲಿ 2024ರ ಮೇ 13ರಂದು ಬಿರುಗಾಳಿಗೆ ಬಿದ್ದ ಜಾಹೀರಾತು ಫಲಕದ ಅಳತೆ 120 ಅಡಿಗೆ 120 ಅಡಿ, ಅಲ್ಲಿ ಇರಬಹುದಾದದ್ದು 40ಕ್ಕೆ 40. ಸತ್ತವರು 17 ಜನ. ಇನ್ನು ಇಳಿಸೋರು ಯಾರು? ಪೌರಕಾರ್ಮಿಕರು. ಯಾವ ಜಾತಿ ಅಂತ ಕೇಳಬೇಡಿ, ಬೆಳಗಿನ ಐದು ಗಂಟೆಗೆ ಯಾವ ಊರಿನ ಬೀದಿಯಲ್ಲಾದರೂ ನಿಂತು ನೋಡಿ. ಧಣಿಯ ಫ್ಲೆಕ್ಸ್ ಕಿತ್ತರೆ ಧಣಿಯ ಹುಡುಗರ ಬೈಗುಳ, ಕೀಳದಿದ್ದರೆ ಮೇಸ್ತ್ರಿಯ ಬೈಗುಳ. ಕಿತ್ತದ್ದನ್ನು ಊರಾಚೆ ಗುಡ್ಡೆ ಹಾಕಿ ಸುಟ್ಟರೆ ಪಿವಿಸಿಯ ಹೊಗೆ ಬರೋದು ಊರಾಚೆ ಇರೋರ ಮೂಗಿಗೆ. ಊರಾಚೆ ಯಾರಿದಾರೆ ಅನ್ನೋದನ್ನ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸೈಟಿನ ಬೋರ್ಡು. ಗೆಳೆಯರೆ, ಇದನ್ನು ನಿಧಾನವಾಗಿ ಓದಿ, ಊರಿಗೆ ಹೋದಾಗ ಅಪ್ಪನಿಗೂ ಓದಿ ಹೇಳಿ.

2016ರ ರಿಯಲ್ ಎಸ್ಟೇಟ್ ಕಾಯ್ದೆ ಇದೆ, ಜನ ರೇರಾ ಅಂತಾರೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಐದು ಗುಂಟೆ ದಾಟಿದ್ದು, ನೋಂದಣಿ ಆಗೋ ತನಕ ಅದರ ಜಾಹೀರಾತನ್ನೇ ಹಾಕುವಂತಿಲ್ಲ. ಸೈಟು ಮಾರೋದು ಆಮೇಲಿನ ಮಾತು, ಬೋರ್ಡೇ ನಿಲ್ಲಿಸುವಂತಿಲ್ಲ. ನೋಂದಣಿ ಆದಮೇಲೆ ಹಾಕುವ ಬೋರ್ಡಿನಲ್ಲಿ ನೋಂದಣಿ ಸಂಖ್ಯೆ, ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಇರಬೇಕು, ಎದ್ದು ಕಾಣುವ ಹಾಗೆ ಇರಬೇಕು. ನೋಂದಣಿ ಮಾಡಿಸದಿದ್ದರೆ ಯೋಜನೆಯ ಅಂದಾಜು ವೆಚ್ಚದ ನೂರಕ್ಕೆ ಹತ್ತರಷ್ಟು ತನಕ ದಂಡ. ಈಗ ನಾಲ್ಕು ಊರಿನ ದಾರಿಯಲ್ಲಿ ನಿಂತ ಬೋರ್ಡು ನೋಡಿ. ದೇವರ ಚಿತ್ರ ಎದ್ದು ಕಾಣುತ್ತೆ, ಧಣಿಯ ಫೋನ್ ನಂಬರು ಎದ್ದು ಕಾಣುತ್ತೆ, ಕೆರೆ ಇಲ್ಲದ ಜಾಗದಲ್ಲಿ 'ಲೇಕ್ ವ್ಯೂ' ಎದ್ದು ಕಾಣುತ್ತೆ. ನೋಂದಣಿ ಸಂಖ್ಯೆ ಹುಡುಕಲು ಮಾತ್ರ ಬೂದುಗಾಜು ಬೇಕು.

ಆದರೆ ನಮಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಆ ಕಂಬ ನೆಟ್ಟ ನೆಲದ್ದು. ಬಿ.ಎಂ. ರಸ್ತೆ ಅಗಲವಾಯ್ತು, 2017ರಲ್ಲಿ ಬೆಂಗಳೂರಿಂದ ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ರೈಲು ಬಂತು, 2021ರಲ್ಲಿ ವಿಮಾನ ನಿಲ್ದಾಣಕ್ಕೆ ಕಲ್ಲು ಬಿತ್ತು. ಒಂದೊಂದಕ್ಕೂ ಎಕರೆಯ ಬೆಲೆ ಏರಿತು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಸರ್ಕಾರ ತೆಗೆದುಹಾಕಿತು. ವ್ಯವಸಾಯ ಗೊತ್ತಿಲ್ಲದವನೂ, ಎಷ್ಟೇ ವರಮಾನ ಇದ್ದವನೂ ಹೊಲ ಕೊಳ್ಳಬಹುದು ಅಂತಾಯ್ತು. ಅವರ ಕಣ್ಣು ಮೊದಲು ಬೀಳೋದು ಎಲ್ಲಿಗೆ? ಊರಂಚಿನ ಹೊಲಕ್ಕೆ. ಊರಂಚಿನಲ್ಲಿ ಯಾರ ಹೊಲ ಇರುತ್ತೆ? ಗೋಮಾಳದಲ್ಲಿ ಸರ್ಕಾರ ಎರಡು ಎಕರೆ ಮಂಜೂರು ಮಾಡಿ, ಸಾಗುವಳಿ ಚೀಟಿ ಕೊಟ್ಟು, ಕಲ್ಲು ಆಯ್ದು ರಾಗಿ ಬೆಳೆದ ನಮ್ಮ ತಾತಂದಿರ ಹೊಲ.

ಮಗಳ ಮದುವೆ ಅಂತ ತಾತ ಐನೂರು ಸಾವಿರ ಸಾಲ ತಗಂಡ. ಹೆಬ್ಬೆಟ್ಟು ಒತ್ತಿದ. ಅದು ಸಾಲದ ಪತ್ರವೋ ಕ್ರಯದ ಪತ್ರವೋ ಹೆಬ್ಬೆಟ್ಟಿಗೆ ಏನು ಗೊತ್ತು? ನಲವತ್ತು ವರ್ಷ ಆದಮೇಲೆ ಅದೇ ಹೊಲದಲ್ಲಿ ಎರಡು ಕಬ್ಬಿಣದ ಕಂಬ ಎದ್ದಿವೆ. ಮೊಮ್ಮಗ ಹಾಸ್ಟೆಲ್ಲಿನಿಂದ ಬಸ್ಸಿನಲ್ಲಿ ಹೋಗ್ತಾ ಕಿಟಕಿಯಲ್ಲಿ ಬೋರ್ಡು ಓದ್ತಾನೆ. ಮೂವತ್ತು ನಲವತ್ತು, ವಾಸ್ತು ಪ್ರಕಾರ. ಅದು ತನ್ನದೇ ನೆಲ ಅಂತ ಅವನಿಗೆ ಗೊತ್ತಿಲ್ಲ.

ಅದಕ್ಕೆ ಒಂದು ಕಾನೂನು ಇದೆ. 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆ ತಡೆಯುವ ಕಾಯ್ದೆ. 1979ರ ಜನವರಿ 1ರಿಂದ ಜಾರಿ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಜಮೀನಿನ ಪರಭಾರೆ ಅಸಿಂಧು. ಅದಕ್ಕೂ ಹಿಂದೆ ಮಾರಿದ್ದಾದರೂ ಮಂಜೂರಾತಿಯ ಷರತ್ತು ಮುರಿದು ಮಾರಿದ್ದರೆ ಅದೂ ಅಸಿಂಧು. ಪರಭಾರೆ ಅಂದರೆ ಕ್ರಯ ಒಂದೇ ಅಲ್ಲ. ದಾನ, ಅದಲು ಬದಲು, ಅಡಮಾನ, ಗುತ್ತಿಗೆ, ಕಡೆಗೆ ಮಾರುವ ಕರಾರು ಕೂಡ. 'ಬರೀ ಅಗ್ರಿಮೆಂಟು ಕಣಯ್ಯಾ, ರಿಜಿಸ್ಟ್ರಿ ಎಲ್ಲಾಗಿದೆ' ಅನ್ನೋ ದಲ್ಲಾಳಿಯ ಮಾತು ನಂಬಬೇಡಿ. ಅಂಥ ಜಮೀನು ಮೂಲ ಮಂಜೂರಾತಿದಾರ ಅಥವಾ ಅವನ ವಾರಸುದಾರನ ಕೈಬಿಟ್ಟು ಬೇರೆಯವನ ಅನುಭವದಲ್ಲಿದ್ದರೆ ಅದು ಅಸಿಂಧುವಾದ ಪರಭಾರೆಯಿಂದಲೇ ಬಂದದ್ದು ಅಂತ ಕಾಯ್ದೆ ಊಹಿಸುತ್ತೆ. ಅಲ್ಲ ಅಂತ ತೋರಿಸೋ ಹೊಣೆ ಅವನ ತಲೆ ಮೇಲೆ. ಶ್ರೀಮಂತರು ಇದನ್ನು ಸುಪ್ರೀಂ ಕೋರ್ಟಿನ ತನಕ ಎಳೆದುಕೊಂಡು ಹೋದರು. 1984ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ತಳವಾರಿಕೆ, ತೋಟಿಕೆಯಂಥ ವಂಶಪಾರಂಪರ್ಯ ಹುದ್ದೆಯ ಜಮೀನು ಮಾತ್ರ ಇದರೊಳಗೆ ಬರಲ್ಲ, ಅದು ಬೇರೆ ಜಗಳ.

ಆಮೇಲೆ ಶ್ರೀಮಂತರು ಹೊಸ ದಾರಿ ಹುಡುಕಿದರು. 'ಇಷ್ಟು ವರ್ಷ ಎಲ್ಲಿ ಮಲಗಿದ್ದಿರಿ?' 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯಸಮ್ಮತ ಕಾಲದೊಳಗೆ ಅರ್ಜಿ ಹಾಕಬೇಕಿತ್ತು ಅಂದಿತು. ಅದನ್ನು ಹಿಡಿದು ಅರ್ಜಿ ಮೇಲೆ ಅರ್ಜಿ ವಜಾ ಆದವು. ಎಲ್ಲಿ ಮಲಗಿದ್ದೆವು ಅಂತ ಕೇಳ್ತಾರೆ! ಮಲಗಿರಲಿಲ್ಲ ಸ್ವಾಮಿ. ನಿಮ್ಮ ಹೊಲದಲ್ಲಿ ಕೂಲಿ ಮಾಡ್ತಿದ್ದೆವು. ಹಳ್ಳಿಯವರು, ಸಂಘಟನೆಗಳವರು ಬೀದಿಯಲ್ಲಿ ಕೂತು ಕೂಗಿದ ಮೇಲೆ 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಅಂತ ಬರೆಯಿತು. ಅದಾದ ಮೇಲೂ ಕೋರ್ಟುಗಳಲ್ಲಿ ವಿಳಂಬದ ವಾದ ನಿಂತಿಲ್ಲ. ಆದ್ದರಿಂದ ಕಾಲಮಿತಿ ಇಲ್ಲ ಅಂತ ಕೈಕಟ್ಟಿ ಕೂರಬೇಡಿ. ಗೊತ್ತಾದ ದಿನವೇ ಅರ್ಜಿ ಹಾಕಿ.

ಅರ್ಜಿ ಯಾರು ಹಾಕಬೇಕು? ಇದು ಮುಖ್ಯ. ಹಕ್ಕುದಾರರು ಹಾಕಬಹುದು. ಅವರು ಹೆದರಿದರೆ ಯಾವ ವ್ಯಕ್ತಿಯಾದರೂ ಉಪವಿಭಾಗಾಧಿಕಾರಿಗೆ ಬರಹದಲ್ಲಿ ಮಾಹಿತಿ ಕೊಡಬಹುದು, ಆ ಮಾಹಿತಿಯ ಮೇಲೆ ವಿಚಾರಣೆ ನಡೆಸೋ ಅಧಿಕಾರ ಅವರಿಗಿದೆ. ಯಾವ ವ್ಯಕ್ತಿಯಾದರೂ ಅಂದರೆ ಹಾಸ್ಟೆಲ್ಲಿನ ಬಿಎ ಓದುವ ಹುಡುಗಿಯೂ ಬಂತು. ಈ ಒಂದು ಸಾಲನ್ನು ಧಣಿಗಳ ವಕೀಲರು ಬಾಯಿಪಾಠ ಮಾಡಿದಾರೆ. ನಮ್ಮ ಸಮಾಜಕಾರ್ಯ ಪದವೀಧರರು ಮಾಡಿಲ್ಲ.

ಬೋರ್ಡಿನಲ್ಲಿ ಇನ್ನೊಂದು ಜಾತಿ ಇದೆ. ಸಣ್ಣದು, ಗೇಟಿಗೆ ತಗುಲಿ ಹಾಕಿರ್ತಾರೆ. 'ಮನೆ ಬಾಡಿಗೆಗಿದೆ. ಸಸ್ಯಾಹಾರಿಗಳಿಗೆ ಮಾತ್ರ.' ಹಾಸನದ ಬಡಾವಣೆಗಳಲ್ಲಿ ಡಿಗ್ರಿ ಮುಗಿಸಿ ಕೆಲಸ ಸಿಕ್ಕಿ ರೂಮು ಹುಡುಕಿದವರಿಗೆಲ್ಲ ಇದರ ರುಚಿ ಗೊತ್ತು. ಆ ಬೋರ್ಡು ಇಲ್ಲದ ಕಡೆ ಬಾಯಲ್ಲಿ ಕೇಳ್ತಾರೆ: "ನೀವು ಯಾವ ಜನ?" 2024ರಲ್ಲಿ ಬಂದ ಕಾನೂನಿನ ಪ್ರಕಾರ ಅಂಗಡಿ ಮುಂಗಟ್ಟಿನ ಬೋರ್ಡಿನಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಇರಬೇಕು. ಒಳ್ಳೇದೇ. ಈ ಗೇಟಿನ ಬೋರ್ಡು ನೂರಕ್ಕೆ ನೂರು ಕನ್ನಡದಲ್ಲಿದೆ, ಅಚ್ಚಗನ್ನಡದಲ್ಲಿ ನಮ್ಮನ್ನು ಆಚೆ ಇಡುತ್ತೆ. ಊರಿನ ಅಂದ ಕೆಡುತ್ತೆ ಅಂತ ನಮ್ಮ ಬ್ಯಾನರ್ ಬಿಚ್ಚಿಸಿದವರ ಕಣ್ಣಿಗೆ ಇದು ವಿರೂಪ ಅಂತ ಕಾಣಲೇ ಇಲ್ಲ! ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ವಾಸ ಮಾಡುವುದಕ್ಕೆ ಅಡ್ಡಿ ಮಾಡೋದು 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಅದಕ್ಕೇ ಅವರು ಜಾತಿ ಅಂತ ಬರೆಯಲ್ಲ, ಸೊಪ್ಪು ತರಕಾರಿ ಅಂತ ಬರೀತಾರೆ. ಬದನೆಕಾಯಿ ಹಿಂದೆ ಮನು ಕೂತಿದಾನೆ.

ನಮ್ಮ ಹುಡುಗರಿಗೂ ಎರಡು ಮಾತು ಹೇಳದಿದ್ದರೆ ಆಗಲ್ಲ. ಧಣಿಯ ಫ್ಲೆಕ್ಸಿನ ಕೆಳಸಾಲಿನಲ್ಲಿ ಗೋಲಿಯಾಗೋಕೆ ಐನೂರು ರೂಪಾಯಿ ಚಂದಾ ಕೊಡೋರು ಯಾರು? ನಮ್ಮ ಕೇರಿಯ ತಮ್ಮಂದಿರೂ ಕೊಡ್ತಾರೆ. ಕಪ್ಪು ಕನ್ನಡಕ ಹಾಕಿ ಫೋಟೋ ತೆಗೆಸಿ ಕೊಡ್ತಾರೆ. ಊರ ದೇವಸ್ಥಾನದ ಬಾಗಿಲಲ್ಲಿ ನಿಲ್ಲಿಸದವನು ಫ್ಲೆಕ್ಸಿನಲ್ಲಿ ಕಾಲ ಬಳಿ ನಿಲ್ಲಿಸಿಕೊಂಡರೆ ಅದು ಗೌರವವಾ? ಅದೇ ಫ್ಲೆಕ್ಸಿನ ಮೂಲೆಯಲ್ಲಿ ಬಾಬಾಸಾಹೇಬರ ಮುಖವನ್ನೂ ಅಂಚೆ ಚೀಟಿಯಷ್ಟು ಮಾಡಿ ಅಂಟಿಸಿರ್ತಾರೆ, ವೋಟಿಗೆ ಹಾಕಿದ ಗಾಳದ ಹುಳದ ಹಾಗೆ. ಜಯಂತಿ ಮಾಡ್ತೀವಿ ಅಂತ ಧಣಿಯ ದುಡ್ಡಲ್ಲಿ ಮೂವತ್ತಡಿ ಫ್ಲೆಕ್ಸ್ ಹಾಕಿಸಿ, ಅದರ ಮುಕ್ಕಾಲು ಭಾಗ ಧಣಿಗೆ ಬಿಟ್ಟುಕೊಟ್ಟು, ಜೈ ಭೀಮ್ ಅಂದರೆ ಯಾರಿಗೆ ಜೈ ಅಂದ ಹಾಗಾಯ್ತು? ನಮ್ಮ ಅಣ್ಣಂದಿರು ಎಪ್ಪತ್ತರ ದಶಕದಲ್ಲಿ ಸುಣ್ಣ, ಕೆಮ್ಮಣ್ಣು, ನೀಲಿ ಕಲಸಿ ರಾತ್ರಿ ಗೋಡೆ ಬರಹ ಬರೀತಿದ್ದರು. ಮೈದಾ ಗಂಜಿ ಕಾಯಿಸಿ ಪೋಸ್ಟರ್ ಅಂಟಿಸ್ತಿದ್ದರು. ಅದರಲ್ಲಿ ಮುಖ ಇರಲಿಲ್ಲ, 'ಕೋರುವವರು' ಇರಲಿಲ್ಲ, ಮಾತು ಇತ್ತು. ಬೆಳಿಗ್ಗೆ ಊರು ನಿಂತು ಓದ್ತಿತ್ತು. ಈಗ ಊರ ತುಂಬ ಫ್ಲೆಕ್ಸ್ ಇದೆ, ನಿಂತು ಓದೋ ಅಂಥ ಒಂದು ಸಾಲಿಲ್ಲ.

ಇಷ್ಟು ಹೇಳಿ, ನಾವು ಬ್ಯಾನರ್ ಕಟ್ಟೋದೇ ಬಿಡಬೇಕಾ ಅಂತ ಕೇಳ್ತೀರಿ. ಬಿಡೋದಲ್ಲ. ಅನುಮತಿ ಪತ್ರ ಹಿಡಿದು ಕಟ್ಟಬೇಕು. ಬಟ್ಟೆಯಲ್ಲಿ ಬರೀರಿ, ಪ್ಲಾಸ್ಟಿಕ್ ಅಂತ ಕಿತ್ತೆಸೆಯೋ ನೆಪ ಅವರಿಗೆ ಸಿಗಲ್ಲ. ಹದಿನೈದು ದಿನ ಮುಂಚೆ ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಅನುಮತಿ ಕೊಡದಿದ್ದರೆ ಬರಹದಲ್ಲಿ ಕಾರಣ ಕೇಳಿ, ಆ ಸರ್ಕಲ್ಲಿನಲ್ಲಿ ಕಳೆದ ಒಂದು ವರ್ಷ ಯಾರಿಗೆಲ್ಲ ಅನುಮತಿ ಕೊಟ್ಟಿರಿ ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಾಬಾಸಾಹೇಬರ ಚಿತ್ರವನ್ನು ಯಾರಾದರೂ ಬೇಕಂತ ಹರಿದರೆ, ಕೊಳಕು ಮಾಡಿದರೆ ಅದು ಬರೀ ಕಾಗದ ಹರಿದ ಕೇಸಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ, ಪರಿಶಿಷ್ಟರು ಗೌರವದಿಂದ ಕಾಣುವ ವಸ್ತುವನ್ನು ನಾಶ ಮಾಡೋದು, ಅಪವಿತ್ರ ಮಾಡೋದು ಅಪರಾಧ. ವಸ್ತು ಅಂದರೆ ಪ್ರತಿಮೆ, ಫೋಟೋ, ಭಾವಚಿತ್ರವೂ ಸೇರಿ. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಠಾಣೆಯಲ್ಲಿ 'ಗಾಳಿಗೆ ಹರಿದಿರುತ್ತೆ ಹೋಗ್ರಪ್ಪಾ' ಅಂದರೆ ಈ ಕಲಮು ಓದಿ ಹೇಳಿ. ಚುನಾವಣೆ ಹೊತ್ತಲ್ಲಿ ಹಾಸ್ಟೆಲ್ಲಿನ ಆಫೀಸಿನಿಂದ ಅವರ ಫೋಟೋ ಇಳಿಸೋಕೆ ಬಂದರೆ ಬಿಡಬೇಡಿ. ಅಧಿಕಾರದಲ್ಲಿರುವ ರಾಜಕಾರಣಿಗಳ ಫೋಟೋ ತೆಗೀಬೇಕು; ರಾಷ್ಟ್ರನಾಯಕರ, ಕವಿಗಳ, ಚರಿತ್ರೆಯ ಮಹನೀಯರ ಚಿತ್ರ ತೆಗೀಬೇಕಾಗಿಲ್ಲ ಅಂತ ಆಯೋಗವೇ ಹೇಳಿದೆ.

ಇನ್ನು ಲೇಔಟಿನ ಬೋರ್ಡುಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಾಸ್ಟೆಲ್ಲುಗಳ ಗೆಳೆಯರು ಮುಂದಿನ ಸಭೆಗೆ ಬರುವಾಗ ನಿಮ್ಮ ನಿಮ್ಮ ಊರಿನ ದಾರಿಯಲ್ಲಿ ನಿಂತ ಬೋರ್ಡುಗಳ ಪಟ್ಟಿ ಮಾಡಿಕೊಂಡು ಬನ್ನಿ. ಯಾವ ಗ್ರಾಮ, ಯಾವ ಸರ್ವೆ ನಂಬರು, ರೇರಾ ಸಂಖ್ಯೆ ಇದೆಯೋ ಇಲ್ಲವೋ. ಸರ್ವೆ ನಂಬರು ಬೋರ್ಡಿನಲ್ಲಿ ಇಲ್ಲದಿದ್ದರೆ ಪಕ್ಕದ ಹೊಲದವರನ್ನು ಕೇಳಿ, ಅವರಿಗೆ ಗೊತ್ತಿರುತ್ತೆ. ಆ ನಂಬರಿನ ಹಳೇ ಪಹಣಿ, ಮ್ಯುಟೇಷನ್, ಮಂಜೂರಾತಿ ರಿಜಿಸ್ಟರಿನ ನಕಲು ತಾಲ್ಲೂಕು ಕಚೇರಿಯಿಂದ ತೆಗೆಸೋಣ. ಮಂಜೂರಾತಿ ನಮ್ಮವರ ಹೆಸರಿನಲ್ಲಿದ್ದರೆ ಅವರ ಮನೆಗೆ ಹೋಗೋಣ, ಮಕ್ಕಳು ಮೊಮ್ಮಕ್ಕಳು ಎಲ್ಲಿದಾರೆ ಕೇಳೋಣ. ಮನೆಯಲ್ಲಿ ಟ್ರಂಕಿನ ತಳದಲ್ಲಿ ಸಾಗುವಳಿ ಚೀಟಿ ಇದ್ದರೆ ಅಸಲು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ತನ್ನಿ. ಫೋಟೋ ತೆಗೆಯೋರು ಬೋರ್ಡಿನ ಕೆಳಮೂಲೆಯೂ ಬರುವ ಹಾಗೆ ತೆಗೀರಿ. ನೋಂದಣಿ ಸಂಖ್ಯೆ ಇದ್ದರೆ ಅಲ್ಲೇ ಎಲ್ಲೋ ಅಡಗಿರುತ್ತೆ.